ನಂಜನಗೂಡು ಲೈನಿನ ಪಕ್ಕದ ಹಾಳು ಸ್ಟೇಷನ್: ಅದನ್ನು ಕಟ್ಟಿದ್ದು ಯಾಕೆ, ಬಿಟ್ಟಿದ್ದು ಯಾಕೆ?

ಪ್ರಶ್ನೆ: ಮೈಸೂರಿನ ದಕ್ಷಿಣಕ್ಕೆ, ನಂಜನಗೂಡು ರೈಲು ಹಳಿಯ ಹತ್ತಿರ ನಾವು ಮನೆ ಕಟ್ಟಿಕೊಂಡಿದ್ದೇವೆ. ಸ್ವಲ್ಪ ದೂರದಲ್ಲಿ ಹಾಳು ಬಿದ್ದ ಒಂದು ಪುಟ್ಟ ಸ್ಟೇಷನ್ ಇದೆ. ಹೆಂಚಿನ ಕಟ್ಟಡ. ಕಲ್ಲಿನ ಅಂಚಿನ ಪ್ಲಾಟ್‌ಫಾರ್ಮ್ ಮೊಣಕಾಲೆತ್ತರವೂ ಇಲ್ಲ. ಈಗಿನ ಹಳಿ ಅದರಿಂದ ಆರೇಳು ಮೀಟರ್ ಆಚೆ ಹೋಗಿದೆ, ಯಾವ ಗಾಡಿಯೂ ನಿಲ್ಲುವುದಿಲ್ಲ. ಮಹಾರಾಜರು ಶಿಕಾರಿಗೆ ಬರಲು ಕಟ್ಟಿಸಿದ್ದು ಅಂತ ನಮ್ಮ ತಾತ ಹೇಳುತ್ತಿದ್ದರು. ಇದು ಯಾವ ಕಾಲದ್ದು? ಯಾಕೆ ಬಿಟ್ಟರು? ಬಡಾವಣೆ ಇಷ್ಟು ಬೆಳೆದಿರುವಾಗ ಮತ್ತೆ ರೈಲು ನಿಲ್ಲಿಸಬಹುದಾ? ಫೋಟೋಗಳನ್ನು ಟಿಪ್ಪಣಿ ಬರೆದು ಕಳಿಸಿದ್ದೇನೆ.

ಉತ್ತರ: ಫೋಟೋ ತೆಗೆದ ರೀತಿ ನೋಡಿ ಖುಷಿಯಾಯಿತು. ಕಟ್ಟಡವನ್ನು ದೂರದಿಂದ ತೆಗೆದು ಬಿಡದೆ, ಪ್ಲಾಟ್‌ಫಾರ್ಮಿನ ಅಂಚು, ಮುರಿದ ಹೆಂಚು, ಒಳಗಿನ ಗಾರೆ ಕಟ್ಟೆ, ಹಿಂದಿನ ಕಲ್ಲಿನ ತೊಟ್ಟಿ ಎಲ್ಲವನ್ನೂ ಹತ್ತಿರದಿಂದ ತೋರಿಸಿದ್ದೀರಿ. ಉತ್ತರಕ್ಕೆ ಬೇಕಾದ್ದು ಅವೇ. ಸ್ಟೇಷನ್ ಹೆಸರನ್ನು ಬೇಕಂತಲೇ ಇಲ್ಲಿ ಹಾಕುತ್ತಿಲ್ಲ. ಬಾಗಿಲು ಬೀಗ ಇಲ್ಲದ ಇಂಥ ಕಟ್ಟಡಗಳಿಂದ ಕಬ್ಬಿಣ, ಹೆಂಚು, ಮರದ ಚೌಕಟ್ಟು ಕಿತ್ತುಕೊಂಡು ಹೋಗುವವರಿಗೆ ನಾವೇ ದಾರಿ ತೋರಿಸಿದಂತೆ ಆಗಬಾರದು.

ಮೊದಲು ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ಇದು ಶಿಕಾರಿಗೆ ಕಟ್ಟಿದ್ದಲ್ಲ. ಇದು ಕ್ರಾಸಿಂಗ್ ಸ್ಟೇಷನ್. ಒಂದೇ ಹಳಿಯ ಮೇಲೆ ಎದುರುಬದುರು ಬರುವ ಎರಡು ಗಾಡಿಗಳು ಒಂದಕ್ಕೊಂದು ದಾರಿ ಬಿಡುವ ಜಾಗ. ಜನ ಹತ್ತಲಿಲ್ಲ, ಅದಕ್ಕೇ ಮುಚ್ಚಿದರು ಅನ್ನುವ ಮಾತು ಎಲ್ಲ ಕಡೆ ಕೇಳುತ್ತೇವೆ, ಅದು ಅರ್ಧ ಮಾತ್ರ ನಿಜ. ಇಂಥ ಸ್ಟೇಷನ್ನುಗಳನ್ನು ಕಟ್ಟಿದ್ದು ಊರಿನ ಜನರಿಗೆ ಎಷ್ಟೋ ರೈಲು ಓಡಿಸುವ ಕೆಲಸಕ್ಕೂ ಅಷ್ಟೇ. ಓಡಿಸುವವರಿಗೆ ಅದರ ಅಗತ್ಯ ತಪ್ಪಿದ ಮೇಲೆ, ಹತ್ತುವವರು ಇದ್ದರೂ ಅದು ಉಳಿಯುವುದು ಕಷ್ಟ.

ಲೈನಿನ ಕಥೆ ಸ್ವಲ್ಪ ಗೊತ್ತಿದ್ದರೆ ಇದು ಬಿಡಿಸಿಕೊಳ್ಳುತ್ತದೆ. ಬೆಂಗಳೂರು–ಮೈಸೂರು ರೈಲು ಶುರುವಾಗಿದ್ದು 1876–78ರ ದೊಡ್ಡ ಬರದ ಬೆನ್ನಲ್ಲೇ. ಹೊಟ್ಟೆಗಿಲ್ಲದ ಜನಕ್ಕೆ ಕೂಲಿ ಕೊಡಬೇಕಿತ್ತು, ಜೊತೆಗೆ ಮುಂದಿನ ಬರದಲ್ಲಿ ಧಾನ್ಯ ಸಾಗಿಸಲು ದಾರಿ ಬೇಕಿತ್ತು. 1881ರಲ್ಲಿ ಮದ್ದೂರು, ಮಂಡ್ಯದ ತನಕ ಬಂದ ಗಾಡಿ 1882ರ ಫೆಬ್ರವರಿಯಲ್ಲಿ ಮೈಸೂರು ಮುಟ್ಟಿತು. ಅಲ್ಲಿಂದ ದಕ್ಷಿಣಕ್ಕೆ ನಂಜನಗೂಡಿನ ತನಕ ಹಳಿ ಬಂದದ್ದು 1891ರಲ್ಲಿ. ಸುಮಾರು 25 ಕಿಲೋಮೀಟರ್ ಉದ್ದದ ಮೀಟರ್ ಗೇಜ್, ಅಂದರೆ ಎರಡು ಕಂಬಿಗಳ ನಡುವೆ ಒಂದು ಮೀಟರ್ ಅಂತರದ ಹಳಿ. ದುಡ್ಡು, ಜಮೀನು ಸಂಸ್ಥಾನದ್ದಾದರೂ ಆಗ ಗಾಡಿ ನಡೆಸುತ್ತಿದ್ದದ್ದು ಸದರ್ನ್ ಮರಾಠಾ ಕಂಪನಿ. 1919ರಲ್ಲಿ ಮೈಸೂರು ಸಂಸ್ಥಾನ ನಡೆಸುವ ಕೆಲಸವನ್ನೂ ತಾನೇ ತೆಗೆದುಕೊಂಡಿತು. ಆಮೇಲೆ ಕೆಲಸ ಜೋರಾಯಿತು. 1924ರಲ್ಲಿ ಅಶೋಕಪುರಂ ಹತ್ತಿರ ರೈಲ್ವೆ ವರ್ಕ್‌ಶಾಪ್ ಬಂತು. 1926ರಲ್ಲಿ ನಂಜನಗೂಡಿನಿಂದ ಚಾಮರಾಜನಗರಕ್ಕೆ ಹಳಿ ಮುಂದುವರಿಯಿತು.

ಇಲ್ಲಿ ಒಂದು ವಿಷಯ ಗಮನಿಸಿ. 1891ರಲ್ಲಿ ಈ ಹಳಿ ಹೋದಾಗ ಅದರ ಅಕ್ಕಪಕ್ಕ ಊರೇ ಇರಲಿಲ್ಲ ಅನ್ನಬಹುದು. ಪ್ಲೇಗ್ ಬಂದು ಹಳೆ ಮೈಸೂರಿನ ಇಕ್ಕಟ್ಟಾದ ಕೇರಿಗಳಿಂದ ಜನರನ್ನು ಹೊರಗೆ ಕಳಿಸಬೇಕಾಯಿತು. 1903ರಲ್ಲಿ ನಗರಾಭಿವೃದ್ಧಿಗೆ ಅಂತಲೇ ಟ್ರಸ್ಟ್ ಬೋರ್ಡ್ ಹುಟ್ಟಿತು, ಹೊಸ ಬಡಾವಣೆಗಳು ಬಂದವು. ಚಾಮರಾಜಪುರಂ ಸ್ಟೇಷನ್ ಈಗ ಮನೆ, ಕಾಲೇಜು, ಕಚೇರಿಗಳ ನಡುವೆ ಸಿಕ್ಕಿಕೊಂಡ ಹಾಗೆ ಕಾಣುತ್ತದೆ ಅಲ್ವಾ? ಹಳಿ ಊರೊಳಗೆ ನುಗ್ಗಲಿಲ್ಲ, ಊರೇ ಹಳಿಯನ್ನು ದಾಟಿ ಬೆಳೆಯಿತು. ನಿಮ್ಮ ಬಡಾವಣೆಯಲ್ಲಿ ಈಗ ಆಗುತ್ತಿರುವುದೂ ಅದೇ, ನೂರು ವರ್ಷ ತಡವಾಗಿ. ಹಾಗಾಗಿ ಇಂಥ ಸ್ಟೇಷನ್ ನೋಡಿದಾಗ "ಇಲ್ಲಿ ಯಾರು ಹತ್ತುತ್ತಿದ್ದರು" ಅಂತ ಮಾತ್ರ ಕೇಳಿದರೆ ಸಾಲದು. "ಇಲ್ಲಿ ರೈಲಿಗೆ ಏನು ಕೆಲಸ ಇತ್ತು" ಅಂತಲೂ ಕೇಳಬೇಕು.

ಆ ಕೆಲಸ ನಿಮ್ಮ ನಾಲ್ಕನೇ ಫೋಟೋದಲ್ಲಿದೆ. ಒಳಗಿನ ಕೋಣೆಯ ಗೋಡೆಗೆ ಅಂಟಿದ ಗಾರೆ ಕಟ್ಟೆ, ಅದರ ಮೇಲೆ ಎರಡು ಜೊತೆ ಬೋಲ್ಟಿನ ತೂತು, ಹಿಂದಿನ ಗೋಡೆಯಲ್ಲಿ ತಂತಿ ಹೋಗಲು ಕೊರೆದ ಕಂಡಿ. ನೀವು ಅದನ್ನು ತಿಜೋರಿ ಇಟ್ಟ ಜಾಗ ಅಂದುಕೊಂಡಿದ್ದೀರಿ. ನನ್ನ ಪ್ರಕಾರ ಅಲ್ಲಿ ಕೂತಿದ್ದದ್ದು ಎರಡು ಟೋಕನ್ ಯಂತ್ರ. ನಮ್ಮ ಕಡೆಯ ಒಂಟಿ ಹಳಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ನೀಲ್ಸ್ ಬಾಲ್ ಟೋಕನ್ ಯಂತ್ರ. ಎರಕದ ಕಬ್ಬಿಣದ ಭಾರೀ ಪೆಟ್ಟಿಗೆ, ತಿರುಗಿಸುವ ಹಿಡಿ, ಗಂಟೆ, ಒಳಗೆ ಉಕ್ಕಿನ ಗುಂಡುಗಳು. ಮೈಸೂರು ದಿಕ್ಕಿಗೆ ಒಂದು ಯಂತ್ರ, ನಂಜನಗೂಡು ದಿಕ್ಕಿಗೆ ಇನ್ನೊಂದು.

ಕೆಲಸ ಹೀಗೆ ನಡೆಯುತ್ತಿತ್ತು. ಗಾಡಿ ಬಿಡಬೇಕು ಅಂದರೆ ಸ್ಟೇಷನ್ ಮಾಸ್ಟರು ಮುಂದಿನ ಸ್ಟೇಷನ್ನಿಗೆ ಗಂಟೆ ಕೊಟ್ಟು ಲೈನ್ ಕ್ಲಿಯರ್, ಅಂದರೆ ಗಾಡಿ ಬಿಡಲು ಒಪ್ಪಿಗೆ, ಕೇಳುತ್ತಿದ್ದರು. ಅಲ್ಲಿನವರು ಒಪ್ಪಿ ತಮ್ಮ ಯಂತ್ರದಿಂದ ಕರೆಂಟ್ ಕೊಟ್ಟರೆ ಮಾತ್ರ ಇಲ್ಲಿ ಹಿಡಿ ಪೂರ್ತಿ ತಿರುಗುತ್ತಿತ್ತು. ಆಗ ಕೆಳಗಿನ ಬಾಯಿಂದ ಒಂದು ಗುಂಡು ಹೊರಗೆ ಬೀಳುತ್ತಿತ್ತು. ಆ ಗುಂಡು ಹೊರಗಿರುವ ತನಕ ಎರಡೂ ಕಡೆಯ ಯಂತ್ರದಿಂದ ಇನ್ನೊಂದು ಗುಂಡು ಬರುವುದಿಲ್ಲ. ಅಂದರೆ ಆ ತುಂಡು ಹಳಿಯ ಮೇಲೆ ಒಂದೇ ಗಾಡಿ. ಗುಂಡನ್ನು ಚರ್ಮದ ಚೀಲದಲ್ಲಿ ಹಾಕಿ, ಚೀಲವನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟಿ ಡ್ರೈವರ್ ಕೈಗೆ ಕೊಡುತ್ತಿದ್ದರು. ನಿಲ್ಲದ ಗಾಡಿಯಾದರೆ ಪ್ಲಾಟ್‌ಫಾರ್ಮ್ ಅಂಚಿನಲ್ಲಿ ಬಳೆ ಎತ್ತಿ ಹಿಡಿದು ನಿಲ್ಲಬೇಕು. ಇಂಜಿನ್ನಿನಿಂದ ಕೈ ಚಾಚಿ ತೋಳಿಗೆ ಸಿಕ್ಕಿಸಿಕೊಂಡು, ಹಳೇ ಬಳೆಯನ್ನು ಕೆಳಗೆ ಎಸೆಯುತ್ತಿದ್ದರು. ಪಕ್ಕದ ತುಂಡಿನ ಗುಂಡು ಈ ಯಂತ್ರದಲ್ಲಿ ಹೋಗದ ಹಾಗೆ ಗುಂಡಿನ ಆಕಾರದಲ್ಲೇ ವ್ಯತ್ಯಾಸ ಇಟ್ಟಿದ್ದರು. ಮಳೆಗಾಲದ ರಾತ್ರಿ ಲಾಟೀನು ಹಿಡಿದು ಈ ಕೆಲಸ ಮಾಡಿದ ಪಾಯಿಂಟ್ಸ್‌ಮನ್‌ಗಳ ಬಗ್ಗೆ ನನಗೆ ತುಂಬ ಗೌರವ ಇದೆ. ಎದುರುಬದುರು ಡಿಕ್ಕಿ ಆಗದಂತೆ ಕಾಪಾಡಿದ್ದು ಆ ಒಂದು ಗುಂಡು ಮತ್ತು ಅವರ ಎಚ್ಚರ.

ಈಗ ಲೆಕ್ಕ ಹಾಕಿ. ಮೈಸೂರಿನಿಂದ ನಂಜನಗೂಡಿಗೆ ಕಲ್ಲಿದ್ದಲ ಇಂಜಿನ್ನಿನ ಪ್ಯಾಸೆಂಜರ್ ಗಾಡಿ ಒಂದು ಗಂಟೆ ತೆಗೆದುಕೊಂಡರೆ, ನಡುವೆ ಕ್ರಾಸಿಂಗ್ ಇಲ್ಲದಿದ್ದಲ್ಲಿ ಆ ಒಂದು ಗಂಟೆ ಇನ್ನೊಂದು ಗಾಡಿ ಹೊರಡುವ ಹಾಗೇ ಇಲ್ಲ. ನಡುನಡುವೆ ಲೂಪ್ ಲೈನ್ (ಒಂದು ಗಾಡಿ ಸರಿದು ನಿಂತು ಇನ್ನೊಂದಕ್ಕೆ ದಾರಿ ಬಿಡುವ ಪಕ್ಕದ ಹಳಿ) ಹಾಕಿ, ಮಾಸ್ಟರನ್ನು ಕೂರಿಸಿ, ಗುಂಡಿನ ಯಂತ್ರ ಇಟ್ಟರೆ ಅದೇ ಹಳಿಯಲ್ಲಿ ಎರಡು ಮೂರು ಪಟ್ಟು ಗಾಡಿ ಓಡುತ್ತವೆ. ಅದಕ್ಕೇ ಊರಿನಿಂದ ದೂರ, ಹೊಲದ ನಡುವೆ ಕೂಡ ಸ್ಟೇಷನ್ ಬಂತು. ಮಾಸ್ಟರು ಹೇಗೂ ಇದ್ದಾರೆ, ಹಾಗಾಗಿ ಒಂದು ಕಿಟಕಿಯಲ್ಲಿ ಟಿಕೆಟ್ಟೂ ಕೊಟ್ಟರು. ನಂಜುಂಡೇಶ್ವರನ ಜಾತ್ರೆಗೆ ಹೊರಟವರು, ತರಕಾರಿ, ಬಾಳೆಗೊನೆ ಸಂತೆಗೆ ಒಯ್ಯುವವರು ಅಲ್ಲಿ ಹತ್ತಿದರು. ಹಿಂದೆ ಇರುವ ಕಲ್ಲಿನ ತೊಟ್ಟಿ ಸಿಬ್ಬಂದಿಗೋ ಇಂಜಿನ್ನಿಗೋ ಅನ್ನುವ ಅನುಮಾನ ನಿಮ್ಮದು. ಅದು ತೀರಾ ಕೆಳಗಿದೆ, ನೆಲದಿಂದ ಎದೆ ಎತ್ತರಕ್ಕೂ ಇಲ್ಲ. ಇಂಜಿನ್ನಿಗೆ ನೀರು ತುಂಬಬೇಕಾದರೆ ತೊಟ್ಟಿ ಎತ್ತರದ ಕಂಬಗಳ ಮೇಲೆ ಇರಬೇಕು. ಇದು ಕ್ವಾರ್ಟರ್ಸಿನ ಬಳಕೆ ನೀರಿನದು.

ಕಾಲ ಗುರುತಿಸುವ ಮಾತಿಗೆ ಬರೋಣ. ಹೆಂಚಿನ ಫೋಟೋ ಒಳ್ಳೆಯ ಸುಳಿವು. ಮಂಗಳೂರು ಹೆಂಚಿನ ಕಾರ್ಖಾನೆ ಬಾಸೆಲ್ ಮಿಷನ್ನಿನವರು 1865ರಲ್ಲಿ ಶುರು ಮಾಡಿದರು. ಅವರ ಹೆಂಚಿನ ಬೆನ್ನ ಮೇಲೆ ಅವರ ಹೆಸರೇ ಇರುತ್ತದೆ. ಮೊದಲ ಮಹಾಯುದ್ಧ ಬಂದು, ಜರ್ಮನ್ ಸಂಬಂಧದ ಕಾರಣಕ್ಕೆ ಆ ಕಾರ್ಖಾನೆಗಳು ಕೈಬದಲಾಗಿ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ನೀವು ತಿರುವಿ ತೆಗೆದ ಹೆಂಚಿನಲ್ಲಿ "ಕಾಮನ್‌ವೆಲ್ತ್" ಅನ್ನುವ ಅಕ್ಷರ ಸ್ಪಷ್ಟವಾಗಿದೆ. ಹಾಗಾದರೆ ಆ ಹೆಂಚು ಯುದ್ಧದ ನಂತರದ್ದು. ಹೆಂಚು ಒಡೆದರೆ ಬದಲಾಯಿಸುತ್ತಾರೆ, ಅದೊಂದನ್ನೇ ನಂಬಿ ಕಟ್ಟಡದ ವಯಸ್ಸು ಹೇಳಬಾರದು. ಆದರೆ ನಾಲ್ಕೂ ಮೂಲೆಯಲ್ಲಿ ಅದೇ ಗುರುತು ಇದ್ದರೆ ಛಾವಣಿ ಪೂರ್ತಿ ಒಂದೇ ಸಲ ಹಾಕಿದ್ದು ಅಂತ ತಿಳಿಯಬಹುದು. 1926ರಲ್ಲಿ ಲೈನು ಚಾಮರಾಜನಗರದ ತನಕ ಬೆಳೆದು ಗಾಡಿಗಳ ಓಡಾಟ ಹೆಚ್ಚಿದ ಕಾಲಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಇನ್ನೂ ಮೂರು ಮೂಲೆಯ ಹೆಂಚು ನೋಡಿ. ಮೇಲೆ ಹತ್ತಬೇಡಿ, ಬಿದ್ದಿರುವುದನ್ನೇ ತಿರುವಿ ನೋಡಿದರೆ ಸಾಕು. ಹಾಗೆಯೇ ಬೇಲಿಗೆ ನೆಟ್ಟ ಹಳೆ ಕಂಬಿ ತುಂಡುಗಳ ಬದಿಯನ್ನು ತೆಂಗಿನ ನಾರಿನ ಬ್ರಷ್ಷಿನಿಂದ ಉಜ್ಜಿ. ಕಂಬಿ ಮಾಡಿದ ಕಂಪನಿ ಮತ್ತು ವರ್ಷ ಉಬ್ಬು ಅಕ್ಷರದಲ್ಲಿ ಸಿಗುವ ಸಾಧ್ಯತೆ ಇದೆ. ಅದು ಕಂಬಿ ಹುಟ್ಟಿದ ವರ್ಷ, ಬೇಲಿ ಹಾಕಿದ ವರ್ಷವಲ್ಲ. ಹಳಿಯಲ್ಲಿ ಸವೆದ ಮೇಲೆಯೇ ಅದು ಬೇಲಿಗೆ ಬರುವುದು.

ತಾತ ಹೇಳಿದ ಕಥೆಯನ್ನು ನಾನು ತಳ್ಳಿಹಾಕುತ್ತಿಲ್ಲ. ಮಹಾರಾಜರಿಗೆ, ಮಹಾರಾಣಿಯವರಿಗೆ ಪ್ರತ್ಯೇಕ ಸಲೂನ್ ಬೋಗಿಗಳಿದ್ದವು. ಮಹಾರಾಣಿಯವರ ಸಲೂನನ್ನು ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ಈಗಲೂ ನೋಡಬಹುದು. 1979ರಲ್ಲಿ ಶುರುವಾದ ಆ ಮ್ಯೂಸಿಯಂ ಕೆಆರ್‌ಎಸ್ ರಸ್ತೆಯಲ್ಲಿ ಸಿಎಫ್‌ಟಿಆರ್‌ಐ ಎದುರಿಗಿದೆ, ಮನೆಮಂದಿಯೆಲ್ಲ ಹೋಗಿ ಬನ್ನಿ. ಆದರೆ ಅರಮನೆಯವರು ಇಳಿಯುವ ಜಾಗ ಅಂದರೆ ಸಲೂನ್ ನಿಲ್ಲಿಸಿಡಲು ಬೇರೆ ಸೈಡಿಂಗ್ ಬೇಕು, ಮೋಟಾರು, ಕುದುರೆ ಗಾಡಿ ಬರಲು ಅಗಲವಾದ ದಾರಿ ಬೇಕು. ನಿಮ್ಮ ಫೋಟೋಗಳಲ್ಲಿ ಎರಡೂ ಇಲ್ಲ. ಮಹಾರಾಜರ ಗಾಡಿ ಈ ದಾರಿಯಲ್ಲಿ ಹೋದಾಗ ಊರವರು ಪ್ಲಾಟ್‌ಫಾರ್ಮಿನಲ್ಲಿ ಸೇರಿದ ನೆನಪು ಮನೆಗಳಲ್ಲಿ ಉಳಿದು, ಮುಂದಿನ ತಲೆಮಾರಿಗೆ "ಮಹಾರಾಜರ ಸ್ಟೇಷನ್" ಆಗಿರಬಹುದು. ತಾತ ಇನ್ನೇನು ಹೇಳುತ್ತಿದ್ದರು ಅಂತ ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಶಿಕಾರಿ ವಿಷಯ ಬಿಟ್ಟು, ಟಿಕೆಟ್ ಎಷ್ಟಿತ್ತು, ಯಾವ ಹೊತ್ತಿನ ಗಾಡಿ ಹಿಡಿಯುತ್ತಿದ್ದರು ಅಂತ ಕೇಳಿದರೆ ಜಾಸ್ತಿ ಸಿಗುತ್ತದೆ.

ಇನ್ನು ಬಿಟ್ಟಿದ್ದು ಯಾಕೆ? ಹಳಿ ಆರೇಳು ಮೀಟರ್ ಆಚೆ ಹೋಗಿರುವುದರಲ್ಲೇ ಉತ್ತರ ಇದೆ. ಮೀಟರ್ ಗೇಜಿನಲ್ಲಿ ಎರಡು ಕಂಬಿಗಳ ನಡುವೆ 1000 ಮಿಲಿಮೀಟರ್, ಬ್ರಾಡ್ ಗೇಜಿನಲ್ಲಿ 1676. ಸುಮ್ನೆ ಒಂದು ಕಂಬಿ ಕಿತ್ತು ಆಚೆ ಹಾಕಿದರೆ ಮುಗಿಯಿತು ಅಂತ ಅನ್ನಿಸುತ್ತದೆ, ಹಾಗಲ್ಲ. ಮೀಟರ್ ಗೇಜ್ ಗಾಡಿ 109 ಮೀಟರ್ ತ್ರಿಜ್ಯದ ತಿರುವಿನಲ್ಲೂ ಹೋಗಬಲ್ಲದು. ಬ್ರಾಡ್ ಗೇಜಿಗೆ ಕಡಿಮೆ ಅಂದರೂ 175 ಮೀಟರ್ ಬೇಕು, ವೇಗ ಬೇಕಾದರೆ ಇನ್ನೂ ಎಷ್ಟೋ ಜಾಸ್ತಿ. ಹಳೆ ಎಂಜಿನಿಯರುಗಳು ಖರ್ಚು ಉಳಿಸಲು ದಿಬ್ಬ ಸುತ್ತಿಕೊಂಡು, ಹಳ್ಳ ತಪ್ಪಿಸಿ ಹಳಿ ಎಳೆದಿದ್ದರು. ಗೇಜ್ ಬದಲಾದಾಗ ಆ ತಿರುವುಗಳನ್ನು ನೇರ ಮಾಡಬೇಕಾಯಿತು. ಪ್ಲಾಟ್‌ಫಾರ್ಮ್ ಸಣ್ಣಗೆ ಬಾಗಿದೆ ಅಂತ ನೀವೇ ಬರೆದಿದ್ದೀರಿ. ಹಳೆ ಹಳಿ ಬಾಗಿದ್ದ ಗುರುತು ಅದು. ಹೊಸ ಹಳಿ ಆ ಬಾಗನ್ನು ಕತ್ತರಿಸಿ ನೇರ ಹೋಗಿದೆ.

ಎತ್ತರದ ಕಥೆಯೂ ಅಷ್ಟೇ. ಬ್ರಾಡ್ ಗೇಜಿನ ಎತ್ತರದ ಪ್ಲಾಟ್‌ಫಾರ್ಮ್ ಕಂಬಿಯ ಮಟ್ಟದಿಂದ 760ರಿಂದ 840 ಮಿಲಿಮೀಟರ್ ಇರಬೇಕು. ಮೀಟರ್ ಗೇಜಿನದು ಹೆಚ್ಚುಕಡಿಮೆ ಅದರ ಅರ್ಧ. ಅದಕ್ಕೇ ನಿಮ್ಮದು ಮೊಣಕಾಲಿಗೂ ಬರುವುದಿಲ್ಲ. ಕ್ರಾಸಿಂಗ್ ಉಳಿಸಿಕೊಳ್ಳಬೇಕಾದರೆ ಈಗಿನ ಉದ್ದದ ಗಾಡಿಗಳಿಗೆ ಸುಮಾರು 700 ಮೀಟರ್ ಲೂಪ್ ಬೇಕು, ಅಷ್ಟೂ ಉದ್ದ ನೆಲ ಬಹುತೇಕ ಸಮ ಇರಬೇಕು. ಸ್ಟೇಷನ್ ಯಾರ್ಡಿನಲ್ಲಿ 400 ಮೀಟರಿಗೆ ಒಂದು ಮೀಟರಿಗಿಂತ ಹೆಚ್ಚು ಇಳಿಜಾರು ಇರಬಾರದು ಅನ್ನುವುದು ನಿಯಮ, 1200ಕ್ಕೆ ಒಂದು ಇದ್ದರೆ ಒಳ್ಳೆಯದು. ನಿಲ್ಲಿಸಿದ ಬೋಗಿ ತಾನಾಗೇ ಉರುಳಬಾರದಲ್ಲ. ಇಷ್ಟನ್ನೂ ಪ್ರತಿ ಸಣ್ಣ ಸ್ಟೇಷನ್ನಿನಲ್ಲಿ ಮಾಡಲು ದುಡ್ಡೂ ಇಲ್ಲ, ಜಾಗವೂ ಇಲ್ಲ. ಜೊತೆಗೆ ಸಿಬ್ಬಂದಿ. ಒಂದು ಕ್ರಾಸಿಂಗ್ ಸ್ಟೇಷನ್ ಹಗಲು ರಾತ್ರಿ ತೆರೆದಿರಬೇಕಾದರೆ ಮೂರು ಪಾಳಿಗೆ ಮೂವರು ಮಾಸ್ಟರು, ರಜೆಗೆ ಇನ್ನೊಬ್ಬರು, ಅದೇ ಲೆಕ್ಕದಲ್ಲಿ ಪಾಯಿಂಟ್ಸ್‌ಮನ್‌ಗಳು, ಎಲ್ಲರಿಗೂ ಕ್ವಾರ್ಟರ್ಸ್. ಗಾಡಿಗಳ ವೇಗ ಹೆಚ್ಚಿ, ಕ್ರಾಸಿಂಗ್ ಬೇರೆ ಕಡೆ ಸಾಕಾದ ಮೇಲೆ ಈ ಖರ್ಚು ಯಾರು ಹೊರುತ್ತಾರೆ?

ಇದೇ ಲೈನಿನಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ನಿಮ್ಮ ಕಣ್ಣೆದುರಿಗೇ ಇದೆ. ನಂಜನಗೂಡು ಪ್ರವೇಶದಲ್ಲಿ ಕಪಿಲೆಯ ಮೇಲಿನ ಹಳೆ ಕಲ್ಲಿನ ಸೇತುವೆ 1735ರದ್ದು, ದಳವಾಯಿ ದೇವರಾಜಯ್ಯನವರ ಕಾಲದ್ದು. ರೈಲು ಅನ್ನುವುದು ಪ್ರಪಂಚಕ್ಕೇ ಬರುವ ಮೊದಲು ಎತ್ತಿನಗಾಡಿಗೆ ಅಂತ ಕಟ್ಟಿದ ಸೇತುವೆ. ಅದರ ಮೇಲೆ ರಸ್ತೆಯ ಪಕ್ಕದಲ್ಲೇ ಮೀಟರ್ ಗೇಜ್ ಹಳಿ ಹಾಸಿ ಬಹಳ ವರ್ಷ ರೈಲು ಓಡಿಸಿದರು. ಬ್ರಾಡ್ ಗೇಜ್ ಬಂದಾಗ ಹೊಸ ರೈಲು ಸೇತುವೆ ಬಂತು, ಹಳೆಯದು ಸ್ಮಾರಕವಾಗಿ ಉಳಿಯಿತು. ಅದೃಷ್ಟಕ್ಕೆ ಅದರ ವಯಸ್ಸು ಎಲ್ಲರಿಗೂ ಗೊತ್ತಿತ್ತು. ಸಣ್ಣ ಸ್ಟೇಷನ್ನುಗಳಿಗೆ ಆ ಭಾಗ್ಯ ಇಲ್ಲ. ನನಗೆ ಬೇಜಾರಾಗುವುದು ಅದಕ್ಕೇ.

ಜನರ ಪಾಲು ಇಲ್ಲವೇ ಇಲ್ಲ ಅಂತ ಅಲ್ಲ. ಮೈಸೂರು–ನಂಜನಗೂಡು ರಸ್ತೆ ಹಳಿಯ ಜೊತೆಜೊತೆಗೇ ಹೋಗುತ್ತದೆ, ಬಸ್ಸು ಊರ ಬಾಗಿಲಲ್ಲೇ ನಿಲ್ಲುತ್ತದೆ. ಗೇಜ್ ಬದಲಿಸಲು ಹಳಿ ಮುಚ್ಚಿದ ಅವಧಿಯಲ್ಲಿ ಎಲ್ಲರೂ ಬಸ್ಸಿಗೆ, ಬೈಕಿಗೆ ಹೊಂದಿಕೊಂಡರು. ಚಾಮರಾಜನಗರದ ತನಕ 61 ಕಿಲೋಮೀಟರ್ ಬ್ರಾಡ್ ಗೇಜ್ 2008ರಲ್ಲಿ ಪೂರ್ತಿಯಾಗಿ ತೆರೆದಾಗ ಹಳೆ ಅಭ್ಯಾಸ ತಪ್ಪಿಹೋಗಿತ್ತು. ಶಾಲೆಗೆ ರೈಲಲ್ಲಿ ಹೋಗುತ್ತಿದ್ದ ಮಕ್ಕಳು ಅಷ್ಟು ಹೊತ್ತಿಗೆ ಶಾಲೆ ಮುಗಿಸಿ ಕೆಲಸಕ್ಕೆ ಸೇರಿದ್ದರು.

ಮತ್ತೆ ರೈಲು ನಿಲ್ಲಿಸಬಹುದಾ ಅಂತ ಕೇಳಿದ್ದೀರಿ. ಹಳೆ ಕಟ್ಟಡದ ಮುಂದೆ ನಿಲ್ಲುವುದು ಆಗದ ಮಾತು, ಹಳಿಯೇ ಅಲ್ಲಿಲ್ಲ. ಆದರೆ ಹತ್ತಿರದಲ್ಲಿ ಹಾಲ್ಟ್, ಅಂದರೆ ಗಾಡಿ ನಿಂತು ಹೋಗುವ ಪುಟ್ಟ ನಿಲುಗಡೆ, ಕೇಳುವುದು ನ್ಯಾಯವಾದ ಬೇಡಿಕೆ. ಹಾಲ್ಟಿಗೆ ಲೂಪ್ ಬೇಡ, ಸಿಗ್ನಲ್ ಬೇಡ, ಮಾಸ್ಟರ್ ಬೇಡ. ಒಂದು ಪ್ಲಾಟ್‌ಫಾರ್ಮ್, ನೆರಳು, ದೀಪ, ಕಮಿಷನ್ ಮೇಲೆ ಟಿಕೆಟ್ ಮಾರುವ ಒಬ್ಬರು ಇದ್ದರೆ ನಡೆಯುತ್ತದೆ. ಬೆಂಗಳೂರು ಕಡೆಯ ಕೆಲವು ಗಾಡಿಗಳು ಈಗ ಮೈಸೂರು ಜಂಕ್ಷನ್ನಿನಲ್ಲೇ ಕೊನೆಯಾಗದೆ ಅಶೋಕಪುರಂ ತನಕ ಬರುತ್ತಿವೆ, ಅಂದರೆ ಊರಿನ ದಕ್ಷಿಣ ಭಾಗ ರೈಲ್ವೆಯವರ ಲೆಕ್ಕಕ್ಕೆ ಬಂದಿದೆ. ನಂಜನಗೂಡಿನ ಕಾರ್ಖಾನೆಗಳಿಗೆ ದಿನಾ ಹೋಗುವವರು ನಿಮ್ಮ ಬಡಾವಣೆಯಲ್ಲಿ ಎಷ್ಟು ಮಂದಿ ಇದ್ದಾರೆ, ಯಾವ ಪಾಳಿಗೆ ಹೋಗುತ್ತಾರೆ ಅಂತ ಮನೆಮನೆಗೆ ಕೇಳಿ ಪಟ್ಟಿ ಮಾಡಿ. ಸಹಿ ಸಂಗ್ರಹಕ್ಕಿಂತ ಆ ಪಟ್ಟಿಗೆ ಬೆಲೆ ಜಾಸ್ತಿ. ಬೆಳಿಗ್ಗೆ ಒಂದು, ಸಂಜೆ ಒಂದು ಪ್ಯಾಸೆಂಜರ್ ಗಾಡಿ ನಿಲ್ಲಲಿ ಅಂತ ನಿರ್ದಿಷ್ಟವಾಗಿ ಕೇಳಿ. ಎಲ್ಲ ಗಾಡಿಯೂ ನಿಲ್ಲಲಿ ಅಂದರೆ ಅರ್ಜಿ ಮೂಲೆ ಸೇರುತ್ತದೆ. ಅರ್ಜಿಯನ್ನು ಮೈಸೂರು ವಿಭಾಗದ ಡಿಆರ್‌ಎಂ (ವಿಭಾಗೀಯ ರೈಲ್ವೆ ವ್ಯವಸ್ಥಾಪಕ) ಕಚೇರಿಗೆ ಕೊಟ್ಟು, ಪ್ರತಿಯನ್ನು ಸಂಸದರಿಗೂ ಹುಬ್ಬಳ್ಳಿಯ ನೈರುತ್ಯ ರೈಲ್ವೆ ಕೇಂದ್ರ ಕಚೇರಿಗೂ ಕಳಿಸಿ.

ಕಟ್ಟಡದ ವಿಷಯ ಬೇರೆ ಅರ್ಜಿಯಲ್ಲಿ ಬರೆಯಿರಿ, ಎರಡನ್ನೂ ಬೆರೆಸಬೇಡಿ. ಗೇಜ್ ಬದಲಾದಾಗ ಬಳಕೆ ತಪ್ಪಿದ ಕಟ್ಟಡಗಳನ್ನು ಅಪಾಯ ಅಂತ ಕೆಡವಿಬಿಡುವುದು ರೂಢಿ. ಕೆಡವುವ ಮೊದಲು ಅಳತೆ ನಕ್ಷೆ, ಫೋಟೋ ಮಾಡಿಸಿ, ಹೆಸರಿನ ಫಲಕ ಮತ್ತು ಆ ಟೋಕನ್ ಕಟ್ಟೆಯ ವಿವರವನ್ನು ರೈಲ್ವೆ ಮ್ಯೂಸಿಯಂಗೆ ಕೊಡಿ ಅಂತ ಕೇಳಿ. ಇದು ದೊಡ್ಡ ಖರ್ಚಲ್ಲ. ಮನಸ್ಸು ಮಾಡಿದರೆ ರೈಲ್ವೆಯವರು ಏನು ಮಾಡಬಲ್ಲರು ಅನ್ನುವುದಕ್ಕೆ ಶ್ರೀರಂಗಪಟ್ಟಣವೇ ಸಾಕ್ಷಿ. ಜೋಡಿ ಹಳಿಗೆ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಕೆಡವದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ನಿಮ್ಮ ಸ್ಟೇಷನ್ನಿಗೆ ಅಷ್ಟೆಲ್ಲ ಬೇಡ, ಛಾವಣಿಗೆ ಹೆಂಚು ಹೊದಿಸಿ ಬಾಗಿಲು ಹಾಕಿಸಿದರೆ ಬಡಾವಣೆಯ ಓದುವ ಮನೆಯಾಗಿ ಬಳಸಬಹುದು. ಜಮೀನು ರೈಲ್ವೆಯದ್ದಾದ್ದರಿಂದ ಲಿಖಿತ ಅನುಮತಿ ಇಲ್ಲದೆ ಯಾವ ರಿಪೇರಿಗೂ ಕೈ ಹಾಕಬೇಡಿ.

ಹಳೆ ಕಾಗದಕ್ಕೆ ಎಲ್ಲಿ ಹುಡುಕಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ. ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳಲ್ಲಿ ರೈಲ್ವೆಗೆ ಬೇರೆ ಅಧ್ಯಾಯ ಇರುತ್ತದೆ, ಹೊಸ ಸ್ಟೇಷನ್, ಹೊಸ ಲೂಪ್ ಬಂದದ್ದು ಅಲ್ಲಿ ಸಿಗಬಹುದು. ರಾಜ್ಯ ಪತ್ರಾಗಾರದಲ್ಲಿ 1919ರಿಂದ 1930ರ ತನಕದ ವರದಿಗಳನ್ನು ಮೊದಲು ಕೇಳಿ. ಸರ್ವೆ ಆಫ್ ಇಂಡಿಯಾದ ಹಳೆ ನಕ್ಷೆಯನ್ನು ಈಗಿನ ಉಪಗ್ರಹ ಚಿತ್ರದ ಪಕ್ಕ ಇಟ್ಟರೆ ಹಳಿ ಎಲ್ಲಿ ಬಾಗಿತ್ತು ಅಂತ ಗೊತ್ತಾಗುತ್ತದೆ. 1950ರ ಏಪ್ರಿಲ್‌ನಲ್ಲಿ ಮೈಸೂರು ರೈಲ್ವೆ ಕೇಂದ್ರ ಸರ್ಕಾರಕ್ಕೆ ಸೇರಿ, ಮರುವರ್ಷ ದಕ್ಷಿಣ ರೈಲ್ವೆಯ ಭಾಗವಾಯಿತು. ಹಾಗಾಗಿ ಆಮೇಲಿನ ಟೈಂಟೇಬಲ್‌ಗಳನ್ನು ದಕ್ಷಿಣ ರೈಲ್ವೆ ಹೆಸರಲ್ಲಿ, 2003ರ ನಂತರದವನ್ನು ನೈರುತ್ಯ ರೈಲ್ವೆ ಹೆಸರಲ್ಲಿ ಹುಡುಕಬೇಕು. ಹತ್ತು ಹತ್ತು ವರ್ಷದ ಟೈಂಟೇಬಲ್ ಸಾಲಾಗಿ ಜೋಡಿಸಿ ನೋಡಿ. ಎಷ್ಟು ಗಾಡಿ ನಿಲ್ಲುತ್ತಿತ್ತು, ಯಾವ ವರ್ಷ ಕಡಿಮೆಯಾಯಿತು, ಹೆಸರು ಯಾವಾಗ ಪಟ್ಟಿಯಿಂದಲೇ ಮಾಯವಾಯಿತು ಅನ್ನುವುದು ಅದರಲ್ಲಿ ಕಾಣುತ್ತದೆ. ಸಿಕ್ಕಿದ್ದನ್ನು ನನಗೂ ಕಳಿಸಿ, ಹೆಂಚಿನ ಉಳಿದ ಫೋಟೋಗಳ ಜೊತೆ ಸೇರಿಸಿ ನೋಡೋಣ.